ಮರ ಹೋದರೆ ಕಸುಬೂ ಹೋಯಿತೇ?

ಕಳೆದ ವರ್ಷ ನನ್ನ ಪಿಎಚ್‌ಡಿ ಪ್ರಬಂಧದ ನಾಲ್ಕನೆಯ ಅಧ್ಯಾಯ ವಾಪಸ್ ಬಂತು. ಉತ್ತರ ಕನ್ನಡ ಕರಾವಳಿಯ ಕೈಕಸುಬುಗಳ ಕುರಿತ ಅಧ್ಯಾಯ ಅದು. ಹನ್ನೊಂದು ಪುಟಗಳ ಉದ್ದಕ್ಕೂ ಒಂದು ಕೆಂಪು ಗೆರೆ, ಅಂಚಿನಲ್ಲಿ ಮೂರು ವಾಕ್ಯ: ‘ಫೈಬರ್ ಗ್ಲಾಸ್ ಜಾನಪದವಲ್ಲ. ಕಾರಂತೂ ಅಲ್ಲವೇ ಅಲ್ಲ. ಈ ಭಾಗ ತೆಗೆಯುವುದು.’ ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಅವರು ನನಗೆ ಓದು ಕಲಿಸಿದವರು. ಆದರೆ ಆ ಮೂರು ವಾಕ್ಯ ಅವರೊಬ್ಬರದಲ್ಲ. ಕನ್ನಡದಲ್ಲಿ ಕಸುಬಿನ ಬಗ್ಗೆ ಬರೆಯುವ ನಮ್ಮೆಲ್ಲರ ಅಭ್ಯಾಸ ಅದರಲ್ಲಿ ಮಾತಾಡಿದೆ. ನನ್ನ ಜಗಳ ಆ ಅಭ್ಯಾಸದ ಜೊತೆ.

ತೆಗೆಯಬೇಕೆಂದ ಭಾಗದಲ್ಲಿ ಇದ್ದದ್ದು ಹೀಗೆ. ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟಿ ಕಾಸರಕೋಡಿನ ಕಡೆ ಹೋದರೆ, ಹೆದ್ದಾರಿಯಿಂದ ತುಸು ಒಳಗೆ, ಫೈಬರ್ ದೋಣಿ ಮಾಡುವ ಒಂದು ಶೆಡ್ಡು. ಮೇಸ್ತ್ರಿಗೆ ಅರವತ್ತು ದಾಟಿದೆ. ಅವರ ಅಪ್ಪ ಹೆಬ್ಬಲಸಿನ ಹಲಗೆಗಳನ್ನು ತೆಂಗಿನ ಹುರಿಯಲ್ಲಿ ಹೊಲಿದು ದೋಣಿ ಕಟ್ಟುತ್ತಿದ್ದವರು. ಮೂರು ವರ್ಷದ ಹಿಂದೆ, ಮಳೆಗಾಲ ಮುಗಿದ ಮೇಲೆ, ಗಲ್ಫಿನಲ್ಲಿ ಬಹಳ ಕಾಲ ದುಡಿದು ಊರಿಗೆ ಮರಳಿದ ಭಟ್ಕಳದವರೊಬ್ಬರು ಅಲ್ಲಿಗೆ ಒಂದು ಕಾರು ತಂದರು. ಸ್ಯಾನ್ ಸ್ಟಾರ್ಮ್. ಬೆಂಗಳೂರಿನ ಸ್ಯಾನ್ ಮೋಟರ್ಸ್ 1998ರಲ್ಲಿ ಹೊರತಂದ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಎಂಜಿನ್ ರೆನೋ ಕಂಪನಿಯದು, ಮೈಯೆಲ್ಲ ಫೈಬರ್, ಮೇಲೆ ಮಡಚುವ ಬಟ್ಟೆಯ ಸೂರು. ಬೆಂಗಳೂರಿನ ಕಂಪನಿಯೊಂದು ತಂದ ಸ್ಪೋರ್ಟ್ಸ್ ಕಾರು ಅಂತ ಒಂದಿದೆ ಎಂಬುದೇ ನನಗೆ ಆವರೆಗೆ ಗೊತ್ತಿರಲಿಲ್ಲ.

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಬಟ್ಟೆ ಸೂರಿನ ಕಾರು ಅಂದರೆ ಅದೊಂದು ಹಠ. ಎರಡು ಮಳೆಗಾಲಕ್ಕೆ ಹೊಲಿಗೆ ಬಿಟ್ಟು, ಸೀಟಿಗೆ ಬೂಸ್ಟು ಹಿಡಿದು, ಕಾಲಡಿ ನೀರು ನಿಂತಿತ್ತು. ಅವರಿಗೆ ಬೇಕಾಗಿದ್ದದ್ದು ಮುಂಗಾಜಿನ ಚೌಕಟ್ಟಿನಿಂದ ಎದ್ದು ಡಿಕ್ಕಿಯ ತುದಿಯವರೆಗೆ ಜಾರುವ ಗಟ್ಟಿ ಸೂರು, ಅದರಲ್ಲೊಂದು ಹಿಂಗಾಜು. ಹೀಗೆ ಎರಡು ಬಾಗಿಲು, ಗಟ್ಟಿ ಸೂರು, ಬಾಲದ ಕಡೆ ಇಳಿದ ಬೆನ್ನು ಇರುವ ಕಾರಿಗೆ ಕೂಪೆ ಎನ್ನುತ್ತಾರೆ. ಗ್ಯಾರೇಜಿನವರು ತಗಡು ಬಡಿಯುತ್ತಾರೆ, ವೆಲ್ಡಿಂಗ್ ಮಾಡುತ್ತಾರೆ. ಫೈಬರ್ ಮೈಗೆ ವೆಲ್ಡಿಂಗ್ ಹಿಡಿಯುವುದಿಲ್ಲ. ಆದ್ದರಿಂದ ಕಾರು ದೋಣಿಯವರ ಬಳಿ ಬಂತು.

ಮೇಸ್ತ್ರಿ ಕಾರಿಗೆ ಎರಡು ಸುತ್ತು ಬಂದು ಕೇಳಿದ ಮೊದಲ ಪ್ರಶ್ನೆ, “ಗಾಜು ಎಲ್ಲಿ ಸಾಹೇಬ್ರೆ?”

ಸೂರು ಆದ ಮೇಲೆ ಅದಕ್ಕೆ ಸರಿಯಾಗಿ ಗಾಜು ಕತ್ತರಿಸಿದರಾಯಿತು ಎಂದು ನಾನೂ ಅಂದುಕೊಂಡಿದ್ದೆ. ಆದರೆ ಕಾರಿನ ಹಿಂಗಾಜು ಸಾಮಾನ್ಯವಾಗಿ ಕಾಯಿಸಿ ತಟ್ಟನೆ ತಣಿಸಿ ಗಟ್ಟಿ ಮಾಡಿದ ಗಾಜು. ಹಾಗೆ ಗಟ್ಟಿಯಾದ ಮೇಲೆ ಅದನ್ನು ಕತ್ತರಿಸಲು ಬರುವುದಿಲ್ಲ. ಕತ್ತರಿಸ ಹೊರಟರೆ ಕಲ್ಲುಸಕ್ಕರೆಯ ಹಾಗೆ ಪುಡಿಯಾಗುತ್ತದೆ. ಒಂದೇ ಕಾರಿಗಾಗಿ ಯಾವ ಕಾರ್ಖಾನೆಯೂ ಬಾಗಿದ ಗಾಜು ಮಾಡಿಕೊಡುವುದಿಲ್ಲ. ಆದ್ದರಿಂದ ಮೊದಲು ಗುಜರಿಯಲ್ಲಿ ಗಾಜು ಹುಡುಕಬೇಕು, ಆಮೇಲೆ ಆ ಗಾಜಿನ ಸುತ್ತ ಸೂರಿನ ರೂಪ ಹುಟ್ಟಬೇಕು. ಕುಮಟಾದ ಗುಜರಿಯೊಂದರಲ್ಲಿ ಹಳೆಯ ಮಾರುತಿ ಝೆನ್‌ನ ಹಿಂಗಾಜು ಸಿಕ್ಕಿತು. ಅದನ್ನು ಹಗ್ಗದಲ್ಲಿ ಜೋತುಬಿಟ್ಟು, ಓರೆ ಮಾಡಿ, ಎತ್ತಿ ಇಳಿಸಿ, ಅರ್ಧ ದಿನ ನೋಡಿದರು. ನಕ್ಷೆ ಇಲ್ಲ, ಕಂಪ್ಯೂಟರಿಲ್ಲ. ಮೇಸ್ತ್ರಿ ನಾಲ್ಕು ಅಡಿಕೆ ದಬ್ಬೆ ತರಿಸಿ, ತೆಳ್ಳಗೆ ಸೀಳಿ, ಮುಂಗಾಜಿನ ಚೌಕಟ್ಟಿನಿಂದ ಡಿಕ್ಕಿಯವರೆಗೆ ಬಗ್ಗಿಸಿ ಕಟ್ಟಿದರು. ಒಂದೇ ದಪ್ಪಕ್ಕೆ ಸೀಳಿದ ದಬ್ಬೆ ತಾನಾಗಿ ಬಗ್ಗುವಾಗ ಎಲ್ಲಿಯೂ ಮುರುಕು ಕೊಡುವುದಿಲ್ಲ, ಒಂದೇ ಉಸಿರಿನ ಗೆರೆ ಕೊಡುತ್ತದೆ. ಅವರ ಅಪ್ಪ ದೋಣಿಯ ಹೊಟ್ಟೆಯ ಗೆರೆ ನೋಡುತ್ತಿದ್ದದ್ದೂ ಹೀಗೆಯೇ.

“ಮರ ಹೋಯ್ತು ತಮಾ, ದಬ್ಬೆ ಹೋಗ್ಲಿಲ್ಲ,” ಅಂದರು. ನಾನು ಬರೆದುಕೊಂಡೆ. “ಬರ್ಕಳ್ಳೂದು ಸಾಕು, ಆ ತುದಿ ಹಿಡ್ಕ,” ಅಂದರು.

ಆಮೇಲಿನದು ಮೂರು ತಿಂಗಳ ಕೆಲಸ. ಅಚ್ಚು ತೆಗೆಯಲು ಮೊದಲೊಂದು ಮಾದರಿ ಬೇಕು. ಸಹಾಯಕ ಹುಡುಗ ಥರ್ಮಾಕೋಲಿನಲ್ಲಿ ಮಾಡೋಣ ಅಂದ. ಮೇಸ್ತ್ರಿ ಏನೂ ಹೇಳದೆ ಒಂದು ತುಂಡು ಥರ್ಮಾಕೋಲಿನ ಮೇಲೆ ಎರಡು ಚಮಚ ರೆಸಿನ್ ಸುರಿದರು. ಬಿಸಿ ಎಣ್ಣೆ ಬಿದ್ದ ಬೆಣ್ಣೆಯ ಹಾಗೆ ಗುಂಡಿ ಬಿತ್ತು. ಪಾಲಿಯೆಸ್ಟರ್ ರೆಸಿನ್ ಅದನ್ನು ಕರಗಿಸಿ ತಿನ್ನುತ್ತದೆ. ಕೊನೆಗೆ ಪ್ಲೈವುಡ್ಡಿನ ಪಕ್ಕೆಲುಬು, ಮೇಲೆ ಕೋಳಿಗೂಡಿನ ಜಾಲರಿ, ಅದರ ಮೇಲೆ ಪ್ಲಾಸ್ಟರ್, ಅದರ ಮೇಲೆ ಪುಟ್ಟಿ. ಪುಟ್ಟಿ ಉಜ್ಜುವುದಕ್ಕೇ ಹದಿನೆಂಟು ದಿನ ಹಿಡಿಯಿತು. ಸಂಜೆ ಕತ್ತಲಾದ ಮೇಲೆ ಬಲ್ಬನ್ನು ಮೈಗೆ ತಾಗುವ ಹಾಗೆ ಓರೆಯಾಗಿ ಹಿಡಿದು ನೆರಳು ನೋಡುತ್ತಿದ್ದರು. ಹಗಲಲ್ಲಿ ಕಾಣದ ತಗ್ಗು ಆಗ ಕಾಣುತ್ತದೆ. ಕಣ್ಣಿಗೆ ಕಾಣದ್ದು ಅಂಗೈಗೆ ಸಿಗುತ್ತದೆ. ನನ್ನ ಅಂಗೈಗೆ ಸಿಗಲಿಲ್ಲ.

ಮಾದರಿಗೆ ಮೇಣವನ್ನು ಮತ್ತೆ ಮತ್ತೆ ಹಚ್ಚಿ ಒರೆಸಿ, ಮೇಲೆ ಜೆಲ್‌ಕೋಟ್ ಬಳಿದು, ಗಾಜಿನ ನಾರಿನ ಮ್ಯಾಟ್ ಹಾಸಿ, ರೆಸಿನ್ ಕುಡಿಸಿ, ರೋಲರಿನಲ್ಲಿ ಗಾಳಿಗುಳ್ಳೆ ಓಡಿಸುತ್ತ ಅಚ್ಚು ಮಾಡಿದರು. ಸೂರಿನ ಅಂಚು ಬಾಗಿಲ ಮೇಲೆ ಒಳಕ್ಕೆ ತಿರುಗುತ್ತದಾದ್ದರಿಂದ ಒಂದೇ ಅಚ್ಚಾದರೆ ತುಂಡು ಹೊರಗೆ ಬರುವುದಿಲ್ಲ. ಮೂರು ಭಾಗ ಮಾಡಿ, ಅಂಚುಪಟ್ಟಿ ಕೊಟ್ಟು, ಬೋಲ್ಟಿನಲ್ಲಿ ಜೋಡಿಸಿದರು. ರೆಸಿನ್‌ಗೆ ಮೊದಲು ಕೋಬಾಲ್ಟ್ ಬೆರೆಸಬೇಕು, ಆಮೇಲೆ ಹಾರ್ಡ್ನರ್. ಅವೆರಡನ್ನು ನೇರವಾಗಿ ಒಂದಕ್ಕೊಂದು ಸೇರಿಸಿದರೆ ಸಿಡಿಯುತ್ತದೆ. ಎರಡು ಬಾಟಲಿ ಒಂದೇ ಕಪಾಟಿನಲ್ಲಿ ಇಡಬಾರದೆಂದು ಆ ಶೆಡ್ಡಿನಲ್ಲಿ ಕಟ್ಟುನಿಟ್ಟು. ಹಾರ್ಡ್ನರ್ ನೂರಕ್ಕೆ ಒಂದೋ ಎರಡೋ ಪಾಲು. ಎಷ್ಟು ಎಂಬುದನ್ನು ಆ ದಿನದ ಸೆಕೆ ನಿರ್ಧರಿಸುತ್ತದೆ. ಗಾಳಿಯಲ್ಲಿ ನೀರು ತುಂಬಿದ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಅವರು ಮ್ಯಾಟ್ ಮುಟ್ಟುವುದಿಲ್ಲ. ಹದ, ಋತು, ನಿಷೇಧ, ಅಪ್ಪನ ದಬ್ಬೆ, ಹೇಳಿಕೊಡಲಾಗದ ಅಂಗೈ. ಜಾನಪದದ ಪಠ್ಯಪುಸ್ತಕದಲ್ಲಿ ಪಾರಂಪರಿಕ ಜ್ಞಾನ ಎಂಬ ಪದದ ಕೆಳಗೆ ನಾವು ಓದುವುದು ಇನ್ನೇನನ್ನು?

ಇಲ್ಲ, ವಸ್ತು ಕಾರ್ಖಾನೆಯದು, ಅದಕ್ಕೆ ಮಣ್ಣಿನ ವಾಸನೆ ಇಲ್ಲ ಎನ್ನುತ್ತಾರೆ. ಹಾಗನ್ನುವವರನ್ನು ಭಟ್ಕಳಕ್ಕೆ ಕರೆದುಕೊಂಡು ಹೋಗಬೇಕು. ಅಲ್ಲಿಯ ಕೇತಪೈ ನಾರಾಯಣ ದೇವಸ್ಥಾನ, ಚಂದ್ರನಾಥೇಶ್ವರ ಬಸದಿ ನೋಡಿ. ಸೂರು ಓರೆಯಾಗಿ ಇಳಿದಿದೆ, ಹಲಗೆ ಹಾಸಿದ ಹಾಗೆ. ಗೋಡೆಯಲ್ಲಿ ಅಡ್ಡಪಟ್ಟಿಗಳ ಜಾಲರಿ, ಮರದ ಕಿಟಕಿಯ ಹಾಗೆ. ಮುಟ್ಟಿದರೆ ಎಲ್ಲವೂ ಕಲ್ಲು. ಮಳೆನಾಡಿನ ಮರದ ಮನೆಯ ರೂಪವನ್ನು ಯಾರೋ ಕಲ್ಲುಕುಟಿಗರು ಕಲ್ಲಿಗೆ ಸಾಗಿಸಿದ್ದಾರೆ. ಇದನ್ನು ನೋಡಿ ‘ಮರದ ಕಸುಬು ಸತ್ತಿತು, ಇದು ಬರೀ ನಕಲು’ ಎಂದು ಯಾವ ಇತಿಹಾಸಕಾರರೂ ಬರೆದಿಲ್ಲ. ಅಳತೆ ಹಿಡಿದು, ಫೋಟೋ ತೆಗೆದು, ವಿಶಿಷ್ಟ ಶೈಲಿ ಎಂದು ಬರೆದರು. ಮರ ಕಲ್ಲಾದರೆ ಪರಂಪರೆ, ಮರ ಫೈಬರ್ ಆದರೆ ಪತನ. ಈ ಎರಡರ ನಡುವೆ ಇರುವುದು ನಾಲ್ಕೈದು ಶತಮಾನದ ಧೂಳು ಮಾತ್ರ. (ಅದೇ ತಾಲ್ಲೂಕಿನ ಮುರುಡೇಶ್ವರದಲ್ಲಿ 123 ಅಡಿಯ ಕಾಂಕ್ರೀಟ್ ಶಿವನ ಮುಂದೆ ಸೆಲ್ಫಿ ತೆಗೆದುಕೊಳ್ಳುವಾಗ ವಸ್ತುವಿನ ಪ್ರಶ್ನೆ ನಮಗೆ ಬರುವುದಿಲ್ಲ ಎಂಬುದು ಬೇರೆ ಮಾತು.)

ನಾನೂ ಈ ಗುಂಪಿನವನೇ. ಎಂಎ ಓದುವಾಗ ನಾನು ಬರೆದ ಮೊದಲ ಲೇಖನದ ತಲೆಬರಹ ‘ಅಳಿವಿನಂಚಿನಲ್ಲಿ ಗುಡಿಗಾರ ಕಲೆ’. ‘ಅಳಿವಿನಂಚಿನಲ್ಲಿ’ ಎಂಬ ಪದ ಹಾಕಿದರೆ ಲೇಖನ ಅರ್ಧ ಮುಗಿದ ಹಾಗೆ, ವಿಚಾರಸಂಕಿರಣದಲ್ಲಿ ಚಹಾದ ಮೊದಲೋ ನಂತರವೋ ಒಂದು ಜಾಗ ಖಾತ್ರಿ. ಕುಮಟಾದ ಗುಡಿಗಾರರೊಬ್ಬರ ಅಂಗಳದಲ್ಲಿ ಕೂತು ಶ್ರೀಗಂಧದ ಪರಿಮಳದ ಬಗ್ಗೆ ಎರಡು ಪುಟ ಬರೆದಿದ್ದೆ. ಹೋದ ಸಲ ಹೋದಾಗ ಅವರು ಮರದಲ್ಲಿ ಒಂದು ಪ್ರಭಾವಳಿ ಕೆತ್ತುತ್ತಿದ್ದರು, ಅಚ್ಚಿಗಾಗಿ. “ನಾ ಒಂದು ಕೆತ್ತೂದು, ಫೈಬರಿನವ್ರು ಹತ್ತು ತೆಗೀತ್ರು,” ಅಂದರು. ಸ್ವಲ್ಪ ತಡೆದು, “ಹತ್ತರ ದುಡ್ಡು ನಂಗೆ ಬರೂದಿಲ್ಲ,” ಅಂದರು. ನನ್ನ ಲೇಖನದಲ್ಲಿ ಬರಬೇಕಾಗಿದ್ದದ್ದು ಆ ಎರಡನೆಯ ಮಾತು. ಕಲೆ ಸಾಯುತ್ತಿರಲಿಲ್ಲ, ಅದರ ಕೂಲಿ ಸರಿಯಾಗಿ ಹಂಚಿಕೆಯಾಗುತ್ತಿರಲಿಲ್ಲ. ಶೋಕಗೀತೆ ಬರೆಯುವವನಿಗೆ ಕೂಲಿಯ ಲೆಕ್ಕ ಕೇಳುವ ವ್ಯವಧಾನ ಇರುವುದಿಲ್ಲ.

ಕಾರಂತೂ ಅಲ್ಲವೇ ಅಲ್ಲ ಎಂಬ ಮಾತಿಗೆ ಬರುತ್ತೇನೆ. ಫೈಬರ್ ಕಾರಿಗೂ ಕರ್ನಾಟಕಕ್ಕೂ ಹಳೆಯ ನಂಟಿದೆ. ಬೆಂಗಳೂರಿನ ಸಿಪಾನಿಯವರು 1982ರಲ್ಲಿ ಡಾಲ್ಫಿನ್ ಎಂಬ ಕಾರು ತಂದರು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮೂಲ, ಮೈ ಪೂರ್ತಿ ಫೈಬರ್. ಅದಕ್ಕೂ ಮೊದಲು ಅದೇ ಬಳಗದಿಂದ ಬಾದಲ್ ಎಂಬ ಮೂರು ಚಕ್ರದ ಗಾಡಿ ಬಂದಿತ್ತು, ಅದೂ ಫೈಬರಿನದೇ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಡಾಲ್ಫಿನ್ ಉಳಿಯಲಿಲ್ಲ. ಕಾರಣಗಳು ಹಲವಿರಬಹುದು, ಆದರೆ ‘ಪ್ಲಾಸ್ಟಿಕ್ ಕಾರು’ ಎಂಬ ತಾತ್ಸಾರವೂ ಅದರಲ್ಲಿ ಒಂದು. ಕಬ್ಬಿಣ ಗಟ್ಟಿ, ಫೈಬರ್ ಆಟಿಕೆ ಎಂಬ ಭಾವನೆ. ಆ ತಾತ್ಸಾರ ಮತ್ತು ನನ್ನ ಅಧ್ಯಾಯದ ಮೇಲಿನ ಕೆಂಪು ಗೆರೆ ದಾಯಾದಿಗಳು.

ತೆರೆದ ಕಾರಿಗೆ ಬೆನ್ನು ಕಟ್ಟುವುದು ಕೂಡ ಹುಚ್ಚಾಟವಲ್ಲ. ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಲೆನ್‌ಹ್ಯಾಮ್‌ನಲ್ಲಿ 1960ರ ದಶಕದಲ್ಲಿ ಒಂದು ಸಣ್ಣ ಗ್ಯಾರೇಜು ಆಸ್ಟಿನ್ ಹೀಲಿ ಸ್ಪ್ರೈಟ್ ಎಂಬ ತೆರೆದ ಕಾರಿಗೆ ಫೈಬರಿನ ಕೂಪೆ ಬೆನ್ನು ಮಾಡಿ ಮಾರುತ್ತಿತ್ತು. ಅಲ್ಲಿಯೂ ಮಳೆಯೇ, ಅಲ್ಲಿಯೂ ಬಟ್ಟೆಯ ಸೂರೇ ಸೋರುತ್ತಿದ್ದದ್ದು. 1962ರ ಎಂಜಿಬಿ ಎಂಬ ತೆರೆದ ಕಾರಿಗೆ ಕಂಪನಿಯೇ ಮೂರು ವರ್ಷದ ನಂತರ ಗಟ್ಟಿ ಸೂರು ಕೊಟ್ಟಿತು. ಲೆನ್‌ಹ್ಯಾಮ್‌ನ ಆ ಬೆನ್ನುಗಳನ್ನು ಅಲ್ಲಿ ಇಂದು ಹುಡುಕಿ ಹುಡುಕಿ ಜೋಪಾನ ಮಾಡುತ್ತಾರೆ. ಕಾಸರಕೋಡಿನ ಬೆನ್ನು ಟಾರ್ಪಾಲಿನ ಕೆಳಗೆ ಮಲಗಿದೆ.

ಯಾಕೆ ಮಲಗಿದೆ ಎಂದರೆ, ಕಾನೂನು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ಕೊಟ್ಟ ವಿವರಗಳಿಗಿಂತ ಬೇರೆಯಾಗುವ ಹಾಗೆ ಮಾಲೀಕರು ವಾಹನವನ್ನು ಬದಲಿಸುವಂತಿಲ್ಲ. ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಇದನ್ನೇ ಒತ್ತಿ ಹೇಳಿತು. ನಮ್ಮ ಕಾರಿಗೆ ಹದಿನೈದು ವರ್ಷ ದಾಟಿ ನೋಂದಣಿ ನವೀಕರಣದ ತಪಾಸಣೆ ಎದುರಿಗಿತ್ತು. ಮಾಲೀಕರು ವಿಚಾರಿಸಲು ಹೋದರೆ ಕಚೇರಿಯಲ್ಲಿ ಸಿಕ್ಕ ಉತ್ತರ ಒಂದೇ: ಕಂಪನಿ ಕೊಟ್ಟ ಹಾಗೇ ಇರಲಿ. ನಾಲ್ಕು ಬೋಲ್ಟು ಬಿಚ್ಚಿದರೆ ಕಳಚಿ ಬರುವ ಸೂರು, ಒಳಗೆ ಬಟ್ಟೆ ಸೂರಿನ ಚೌಕಟ್ಟು ಹಾಗೆಯೇ ಇದೆ, ಬಂದು ನೋಡಿ ಎಂದರೂ ಯಾರೂ ಬಂದು ನೋಡಲಿಲ್ಲ. ಸೂರು ಬಿಚ್ಚಿ, ಹರಿದ ಬಟ್ಟೆ ಏರಿಸಿ ತೋರಿಸಿದ ಮೇಲೆ ಕಾರು ಪಾಸಾಯಿತು.

ಅದೇ ಶೆಡ್ಡಿನಲ್ಲಿ, ಅದೇ ಕೈಗಳು, ಅದೇ ಮ್ಯಾಟು, ಅದೇ ರೆಸಿನಿನಲ್ಲಿ ದೋಣಿ ಮಾಡುತ್ತವೆ. ಆ ದೋಣಿಯಲ್ಲಿ ಎಂಟು ಜನ ಕಡಲಿಗೆ ಹೋಗುತ್ತಾರೆ. ಗಿರಾಕಿಗೆ ತಕ್ಕಂತೆ ಒಂದು ಗೇಣು ಉದ್ದ, ನಾಲ್ಕು ಬೆರಳು ಎತ್ತರ ಬದಲಾಗುತ್ತದೆ. ಇಲಾಖೆಯವರು ಕಟ್ಟಿದ ದೋಣಿಯ ಅಳತೆ ನೋಡಿ ನೋಂದಣಿ ಸಂಖ್ಯೆ ಕೊಡುತ್ತಾರೆ. ಅಂದರೆ ನೋಡುವುದು, ಅಳೆಯುವುದು, ಒಪ್ಪುವುದು ಅಥವಾ ತಳ್ಳುವುದು ನಮ್ಮ ಸರ್ಕಾರಕ್ಕೆ ಗೊತ್ತಿಲ್ಲದ ವಿದ್ಯೆಯಲ್ಲ. ಬ್ರಿಟನ್ನಿನಲ್ಲಿ ಕೈಯಿಂದ ಕಟ್ಟಿದ ಒಂದೇ ಒಂದು ಕಾರನ್ನೂ ತಪಾಸಣೆ ಮಾಡಿ ರಸ್ತೆಗೆ ಬಿಡುವ ಪದ್ಧತಿ ಇದೆ. ಜರ್ಮನಿಯಲ್ಲಿ ಬದಲಾವಣೆ ಮಾಡಿಸಿದ ವಾಹನವನ್ನು ಪರೀಕ್ಷಕರು ನೋಡಿ ದಾಖಲೆಯಲ್ಲಿ ನಮೂದಿಸುತ್ತಾರೆ. ನಮ್ಮಲ್ಲಿ ಪರೀಕ್ಷೆ ಇರುವುದು ಒಂದು ಮಾದರಿ ತೋರಿಸಿ ಸಾವಿರಾರು ಮಾರುವ ಕಂಪನಿಗಳ ಅಳತೆಗೆ.

ಸುರಕ್ಷತೆ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು, ಅದಕ್ಕೇ ಪರೀಕ್ಷಿಸಿ ಎಂದು ಕೇಳುತ್ತಿದ್ದೇನೆ. ಮೇಸ್ತ್ರಿಗೆ ಗೊತ್ತಿಲ್ಲದ್ದೂ ಬಹಳ ಇತ್ತು. ವೇಗದಲ್ಲಿ ಓಡುವ ಕಾರಿನ ಬಾಗಿದ ಸೂರಿನ ಮೇಲೆ ಗಾಳಿ ಹರಿಯುವಾಗ ಅಲ್ಲಿ ಒತ್ತಡ ಕಡಿಮೆಯಾಗಿ ಸೂರು ಮೇಲಕ್ಕೆ ಸೆಳೆಯಲ್ಪಡುತ್ತದೆ. ಇದನ್ನು ಹೇಳಿದ್ದು ಮಾಲೀಕರ ಅಕ್ಕನ ಮಗ, ಎಂಜಿನಿಯರಿಂಗ್ ಓದುವ ಹುಡುಗ. ಮೇಸ್ತ್ರಿ ನಂಬಲಿಲ್ಲ, ದೋಣಿಯ ಮೇಲೆ ಗಾಳಿ ಒತ್ತುತ್ತದೆ, ಎತ್ತುವುದಿಲ್ಲ ಎಂದು ವಾದಿಸಿದರು. ಹುಡುಗ ಒಂದು ಹಾಳೆ ತುಟಿಗೆ ಹಿಡಿದು ಮೇಲಿನಿಂದ ಊದಿ ತೋರಿಸಿದ. ಹಾಳೆ ಎದ್ದಿತು. ಮರುದಿನ ಬೋಲ್ಟುಗಳ ಒಳಬದಿಗೆ ಅಂಗೈಯಗಲದ ಉಕ್ಕಿನ ಪಟ್ಟಿ ಬಂತು. ಕಾರು ಮಗುಚಿದರೆ ಈ ಸೂರು ತಲೆ ಕಾಯುವುದಿಲ್ಲ ಎಂದೂ ಹುಡುಗ ಹೇಳಿದ; ಅದಕ್ಕೆ ಒಳಗೆ ಉಕ್ಕಿನ ಕೊಳವೆಯ ಕಮಾನು ಬೇಕು. ಅದು ಆಗಲಿಲ್ಲ. ಒಬ್ಬ ಪರೀಕ್ಷಕರು ಬಂದು ‘ಕಮಾನು ಹಾಕದಿದ್ದರೆ ಒಪ್ಪುವುದಿಲ್ಲ’ ಎಂದಿದ್ದರೆ ಆಗುತ್ತಿತ್ತು. ಬಾಗಿಲೇ ಮುಚ್ಚಿರುವಾಗ ಕಸುಬುದಾರರು ಉತ್ತಮಗೊಳ್ಳುವುದಿಲ್ಲ, ಕದ್ದು ಮಾಡುತ್ತಾರೆ. ಕದ್ದು ಮಾಡಿದ್ದರಲ್ಲಿ ಉಕ್ಕಿನ ಪಟ್ಟಿ ಇದೆಯೋ ಇಲ್ಲವೋ ಯಾರು ನೋಡುತ್ತಾರೆ?

ಈ ಕಲಂ ಬದಲಾಗಲಿ ಎಂದು ಸದ್ಯ ಕೇಳುತ್ತಿರುವವರಲ್ಲಿ ಹೆಚ್ಚಿನವರು ಸೈಲೆನ್ಸರ್ ಬಿಚ್ಚಿ ಸದ್ದು ಮಾಡುವ ಹುಡುಗರು, ಆದ್ದರಿಂದ ಯಾರೂ ಕೇಳಿಸಿಕೊಳ್ಳುವುದಿಲ್ಲ. ಶ್ರೀಗಂಧದ ಪೂರೈಕೆ ಕಡಿಮೆಯಾದರೆ ನಾವು ವಿಚಾರಸಂಕಿರಣ ಮಾಡುತ್ತೇವೆ, ಮನವಿ ಬರೆಯುತ್ತೇವೆ, ಅಕಾಡೆಮಿಗೆ ಹೋಗುತ್ತೇವೆ. ಫೈಬರ್ ಮೇಸ್ತ್ರಿಗಾಗಿ ಮನವಿ ಬರೆಯಲು ನಮ್ಮ ಬಳಿ ಪದವೇ ಇಲ್ಲ, ಯಾಕೆಂದರೆ ಅವರನ್ನು ಕಸುಬುದಾರರೆಂದು ನಾವು ಎಣಿಸಲೇ ಇಲ್ಲ. ಎಣಿಸದಿದ್ದರಿಂದ ಅವರ ಸಂಕಟವೂ ದಾಖಲಾಗಿಲ್ಲ. ಉಜ್ಜುವಾಗ ಏಳುವ ಗಾಜಿನ ಧೂಳು ಚರ್ಮಕ್ಕೆ ಹೊಕ್ಕು ರಾತ್ರಿಯಿಡೀ ತುರಿಸುತ್ತದೆ; ತಣ್ಣೀರಲ್ಲೇ ತೊಳೆಯಬೇಕು, ಬಿಸಿ ನೀರಾದರೆ ರಂಧ್ರ ತೆರೆದು ಇನ್ನೂ ಒಳಗೆ ಹೋಗುತ್ತದೆ ಎಂಬುದು ಶೆಡ್ಡಿನ ನಂಬಿಕೆ. ಮಾಸ್ಕ್ ಎಂದರೆ ಒಂದು ಲುಂಗಿಯ ತುಂಡು. ಶೆಡ್ಡಿನ ಹಿಂದೆ ಒಡೆದ ಹಳೆಯ ದೋಣಿಗಳು ಬಿದ್ದಿವೆ. ಮರದ ದೋಣಿಯಾದರೆ ಒಲೆಗೆ ಹೋಗುತ್ತಿತ್ತು ಅಥವಾ ಗೆದ್ದಲು ತಿನ್ನುತ್ತಿತ್ತು. ಇದು ಕೊಳೆಯುವುದಿಲ್ಲ, ಸುಟ್ಟರೆ ಕಪ್ಪು ಹೊಗೆ, ಗುಜರಿಯವರೂ ಮುಟ್ಟುವುದಿಲ್ಲ. ಗಂಧದ ಪರಿಮಳಕ್ಕೆ ಎರಡು ಪುಟ ಕೊಟ್ಟವನು ಈ ಧೂಳಿಗೆ ಅರ್ಧ ಪುಟವಾದರೂ ಕೊಡಬೇಡವೇ? ಫೈಬರನ್ನು ಹೊಗಳಲಿಕ್ಕಷ್ಟೇ ಅಲ್ಲ, ಬಯ್ಯಲಿಕ್ಕೂ ಮೊದಲು ಅದನ್ನು ಅಧ್ಯಾಯದೊಳಗೆ ಬಿಟ್ಟುಕೊಳ್ಳಬೇಕಲ್ಲ.

ಹನ್ನೊಂದು ಪುಟ ಈಗ ಹದಿನಾಲ್ಕಾಗಿದೆ. ತೆಗೆಯುವುದಿಲ್ಲ ಎಂದು ಬರೆದು ಕಳಿಸಿದ್ದೇನೆ, ಉತ್ತರ ಬಂದಿಲ್ಲ. ಹೋದ ವಾರ ಶೆಡ್ಡಿಗೆ ಹೋದಾಗ ಅಚ್ಚಿನ ಮೂರು ಭಾಗಗಳು ಗೋಡೆಗೆ ಒರಗಿದ್ದವು, ಒಂದರಲ್ಲಿ ಬಲೆ ಒಣಗಿಸಿದ್ದರು. ಮಾಲೀಕರು ಮತ್ತೆ ಬಂದಿದ್ದರಂತೆ, ಕಮಾನಿನ ಕೊಳವೆಗೆ ಎಷ್ಟಾಗುತ್ತದೆಂದು ಕೇಳಿ ಹೋದರಂತೆ. “ಮಳೆ ಹಿಡೂಕೆ ಮುಂಚೆ ಆಗ್ಬೇಕು ತಮಾ,” ಎಂದರು ಮೇಸ್ತ್ರಿ. ಝೆನ್‌ನ ಆ ಗಾಜಿಗೆ ಹೊಂದುವ ರಬ್ಬರ್ ಬೀಡಿಂಗ್ ಮಾತ್ರ ಕುಮಟಾದಲ್ಲೂ ಸಿಕ್ಕಿಲ್ಲ, ಭಟ್ಕಳದಲ್ಲೂ ಸಿಕ್ಕಿಲ್ಲ.